ಬೆಕ್ಕಿನ ವೈರಸ್ ನಾಯಿಯ ಮನೆಗೆ ಬಂದ ಬಗೆ

ನಮಸ್ಕಾರ. "ವೈರಸ್ ತುಂಬಾ ಬುದ್ಧಿವಂತ, ಹೊಸ ಪ್ರಾಣಿಗೆ ಹಬ್ಬಲು ತನ್ನನ್ನು ತಾನೇ ಬದಲಿಸಿಕೊಳ್ಳುತ್ತದೆ" ಎಂಬ ಮಾತನ್ನು ನೀವು ಕೇಳಿರುತ್ತೀರಿ. ಆ ಮಾತು ತಪ್ಪು. ತಪ್ಪಷ್ಟೇ ಅಲ್ಲ, ಅದು ನಮ್ಮ ಕೈಯಲ್ಲಿರುವ ಕೆಲಸವನ್ನು ಮರೆಸುತ್ತದೆ. ಯಾಕೆ ಎಂದು ಹೇಳಲು ನಾಯಿಮರಿಗಳನ್ನು ಕೊಲ್ಲುವ ಪಾರ್ವೊ ವೈರಸ್ಸನ್ನೇ ಆರಿಸಿಕೊಂಡಿದ್ದೇನೆ.

ಮೂರು ವರ್ಷದ ಹಿಂದೆ ನಮ್ಮ ಮನೆಯ ಮರಿ ಇದರಿಂದಲೇ ಸತ್ತಿತು. ಎರಡು ತಿಂಗಳು ದಾಟಿತ್ತು ಅಷ್ಟೇ. ಮೊದಲ ದಿನ ಊಟ ಬಿಟ್ಟಿತು, ಆಮೇಲೆ ವಾಂತಿ, ಆಮೇಲೆ ರಕ್ತ ಬೆರೆತ ಭೇದಿ. ಆ ವಾಸನೆಯನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ಡ್ರಿಪ್ ಹಾಕಿಸಿಕೊಂಡು ನನ್ನ ಮಡಿಲಲ್ಲೇ ಮಲಗಿರುತ್ತಿತ್ತು. ನಾಲ್ಕನೆಯ ದಿನ ಬೆಳಗಿನ ಜಾವ ಹೋಯಿತು.

ಈ ರೋಗ ನಾಯಿಗಳಿಗೆ ಅನಾದಿಕಾಲದಿಂದ ಇದ್ದದ್ದಲ್ಲ. 1978ರಲ್ಲಿ ಹಲವು ದೇಶಗಳ ನಾಯಿಗಳು ಹೀಗೆಯೇ ಸಾಯತೊಡಗಿದಾಗ ಪಶುವೈದ್ಯರ ಕೈಯಲ್ಲಿ ಅದಕ್ಕೊಂದು ಹೆಸರೂ ಇರಲಿಲ್ಲ. ಮರಿಗಳು ಮಾತ್ರವಲ್ಲ, ದೊಡ್ಡ ನಾಯಿಗಳೂ ಸತ್ತವು. ಹೆಚ್ಚುಕಡಿಮೆ ಯಾವ ನಾಯಿಯ ರಕ್ತಕ್ಕೂ ಆ ವೈರಸ್ಸಿನ ಪರಿಚಯವಿರಲಿಲ್ಲ. ಯುರೋಪಿನಲ್ಲಿ ತೆಗೆದಿಟ್ಟಿದ್ದ ಹಳೆಯ ರಕ್ತದ ಮಾದರಿಗಳನ್ನು ಆಮೇಲೆ ಪರೀಕ್ಷಿಸಿದಾಗ ಎಪ್ಪತ್ತರ ದಶಕದ ನಡುಭಾಗದಲ್ಲೇ ಅದರ ಗುರುತು ಸಿಕ್ಕಿತು. ಅದಕ್ಕಿಂತ ಹಿಂದೆ ಇಲ್ಲ.

ಹಾಗಾದರೆ ಬಂದದ್ದು ಎಲ್ಲಿಂದ? ಬೆಕ್ಕುಗಳಿಗೆ ತಗಲುವ, 1920ರ ದಶಕದಿಂದಲೇ ಗೊತ್ತಿದ್ದ ಪ್ಯಾನ್‌ಲ್ಯುಕೋಪೀನಿಯ ವೈರಸ್ಸಿನಿಂದ, ಇಲ್ಲವೇ ಅದರ ತೀರಾ ಹತ್ತಿರದ ಬಂಧುವಿನಿಂದ. ಎರಡೂ ವೈರಸ್ಸುಗಳ ವಂಶವಾಹಿ ಬರಹ ಸುಮಾರು ಐದು ಸಾವಿರ ಅಕ್ಷರಗಳಷ್ಟು ಉದ್ದ. ಪಕ್ಕಪಕ್ಕ ಇಟ್ಟು ನೋಡಿದರೆ ಬಹುಪಾಲು ಒಂದೇ.

ವ್ಯತ್ಯಾಸ ಎಲ್ಲಿದೆ ಎಂಬುದು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ನಮ್ಮ ಜೀವಕೋಶಗಳಿಗೆ ಕಬ್ಬಿಣದ ಅಂಶ ಬೇಕು. ಅದನ್ನು ಒಳಗೆ ಎಳೆದುಕೊಳ್ಳಲು ಕೋಶದ ಹೊರಮೈಯಲ್ಲಿ ಟ್ರಾನ್ಸ್‌ಫೆರಿನ್ ಗ್ರಾಹಕ ಎಂಬ ಪ್ರೋಟೀನ್ ಇದೆ. ಪಾರ್ವೊ ಒಳನುಗ್ಗುವುದು ಅದನ್ನೇ ಹಿಡಿದು. ಕರುಳಿನ ಒಳಪದರ, ಮೂಳೆಯ ಮಜ್ಜೆ ಇಂಥ ಕಡೆ ಕೋಶಗಳು ಬಿಡುವಿಲ್ಲದೆ ಹುಟ್ಟುತ್ತಿರುತ್ತವೆ, ಅಲ್ಲಿ ಈ ಗ್ರಾಹಕವೂ ಹೆಚ್ಚು. ಅಲ್ಲೇ ಅನಾಹುತ. ನಾಯಿಯ ಗ್ರಾಹಕದ ಮೇಲೆ ಬೆಕ್ಕಿನದರಲ್ಲಿ ಇಲ್ಲದ ಒಂದು ಸಕ್ಕರೆಯ ಕವಲು ಚಾಚಿಕೊಂಡಿದೆ. ಬೆಕ್ಕಿನ ವೈರಸ್ಸಿಗೆ ಅದು ಅಡ್ಡ. ಹಿಡಿಯಬೇಕಾದ ಜಾಗದಲ್ಲೇ ಒಂದು ಮುಳ್ಳು ಇದ್ದಂತೆ.

ವೈರಸ್ಸಿನ ಹೊರಕವಚ ಬಹುತೇಕ ವಿಪಿ2 ಎಂಬ ಪ್ರೋಟೀನಿನಿಂದ ಆದದ್ದು. ಅದರಲ್ಲಿ ಮಣಿಗಳಂತೆ ಸಾಲಾಗಿ ಪೋಣಿಸಿದ 584 ಅಮೈನೋ ಆಮ್ಲಗಳಿವೆ. ಅವುಗಳಲ್ಲಿ 93ನೆಯದು ಮತ್ತು 323ನೆಯದು ಬದಲಾದದ್ದೇ ನಿರ್ಣಾಯಕವಾಯಿತು. ಇನ್ನೂ ಕೆಲವು ಬದಲಾವಣೆಗಳು ಜೊತೆಗೂಡಿದವು, ನಿಜ. ಆದರೆ ನಾಯಿಯ ಗ್ರಾಹಕವನ್ನು ಹಿಡಿಯುವ ಶಕ್ತಿಯ ಗುಟ್ಟು ಮುಖ್ಯವಾಗಿ ಈ ಎರಡರಲ್ಲಿದೆ. ಎರಡು ಪ್ರಾಣಿಜಾತಿಗಳ ನಡುವೆ ದೊಡ್ಡ ಕೋಟೆಗೋಡೆ ಇದೆ ಎಂದು ನಾವು ನಂಬಿಕೊಂಡಿದ್ದೆವು. ಇದ್ದದ್ದು ಇಷ್ಟೇ.

ಇನ್ನೊಂದು ಸಂಗತಿ ಕೇಳಿ. ನಾಯಿಗೆ ಹಬ್ಬಿದ ಆ ಮೊದಲ ವೈರಸ್ಸು ಬೆಕ್ಕಿಗೆ ಸೋಂಕು ತಗಲಿಸುವ ಶಕ್ತಿಯನ್ನೇ ಕಳೆದುಕೊಂಡಿತ್ತು! ಬುದ್ಧಿ ಇದ್ದದ್ದೇ ಆದರೆ ಹಳೆಯ ಮನೆಯ ಕೀಲಿಯನ್ನು ಬಿಸಾಡಿ ಯಾರಾದರೂ ಹೊಸ ಮನೆಗೆ ಹೋಗುತ್ತಾರೆಯೇ? ನಕಲು ಮಾಡುವಾಗ ಅಕ್ಷರ ತಪ್ಪಿತು, ಅಷ್ಟೇ. ಇಂಥ ತಪ್ಪುಗಳಲ್ಲಿ ಹೆಚ್ಚಿನವು ವೈರಸ್ಸಿಗೇ ಕೇಡು, ಯಾರಿಗೂ ತಿಳಿಯದೆ ಅಳಿದುಹೋಗುತ್ತವೆ. ಒಂದು ಮಾತ್ರ ಸರಿಯಾದ ಹೊತ್ತಿಗೆ ನಾಯಿಯ ಕರುಳಿಗೆ ಬಿತ್ತು. ಮುಂದೆ ಒಂದೆರಡು ವರ್ಷದಲ್ಲೇ 2ಎ ಎಂಬ ಹೊಸ ತಳಿ ಹುಟ್ಟಿ ಹಳೆಯದನ್ನು ಮೂಲೆಗುಂಪು ಮಾಡಿತು. ಅದಕ್ಕೆ ಬೆಕ್ಕಿನ ಬಾಗಿಲೂ ಮತ್ತೆ ತೆರೆಯಿತು.

ಹಾಗೆಂದು ಪ್ರತಿ ಸಲವೂ ಇಂಥ ಬದಲಾವಣೆ ಆಗಲೇಬೇಕೆಂದಿಲ್ಲ. 2024ರ ಮಾರ್ಚ್‌ನಲ್ಲಿ ಅಮೆರಿಕದ ಹಾಲಿನ ಹಸುಗಳಲ್ಲಿ ಹಕ್ಕಿಜ್ವರದ ಎಚ್5ಎನ್1 ವೈರಸ್ ಕಂಡಾಗ ಎಲ್ಲರೂ ದಂಗಾದರು. ನೋಡಿದರೆ ಹಸುವಿನ ಕೆಚ್ಚಲಿನಲ್ಲಿ ಹಕ್ಕಿಗಳಲ್ಲಿರುವಂಥದ್ದೇ ಗ್ರಾಹಕಗಳು ಇದ್ದವು. ಬಾಗಿಲು ಮೊದಲೇ ತೆರೆದಿತ್ತು, ನಾವು ಆ ಕಡೆ ನೋಡಿರಲಿಲ್ಲ.

ಆದ್ದರಿಂದ ವೈರಸ್ಸಿನ ಬುದ್ಧಿಯ ಮಾತು ಬಿಟ್ಟು ಅವಕಾಶಗಳನ್ನು ಎಣಿಸೋಣ ಎನ್ನುತ್ತೇನೆ. ಸೋಂಕು ತಗಲಿದ ಒಂದೊಂದು ಮರಿಯ ದೇಹದಲ್ಲೂ ವೈರಸ್ಸಿನ ಲೆಕ್ಕವಿಲ್ಲದಷ್ಟು ನಕಲುಗಳು ತಯಾರಾಗುತ್ತವೆ. ನಕಲು ಹೆಚ್ಚಿದಷ್ಟೂ ತಪ್ಪಕ್ಷರಗಳು ಹೆಚ್ಚುತ್ತವೆ. ಲಸಿಕೆ ಕಾಯುವುದು ಆ ಒಂದು ಮರಿಯನ್ನು ಮಾತ್ರವಲ್ಲ.

ನಮ್ಮ ಮರಿಗೆ ಮೊದಲ ಲಸಿಕೆ ಹಾಕಿಸಿದ್ದೆವು. ಎರಡನೆಯದರ ಹೊತ್ತಿಗೆ ಮನೆಯಲ್ಲಿ ಮದುವೆಯ ಓಡಾಟ. ಮುಂದಿನ ವಾರ ನೋಡೋಣ ಎಂದುಕೊಂಡೆವು. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮೊದಲ ಲಸಿಕೆಯ ಕೆಲಸವನ್ನು ಎಷ್ಟೋ ಸಲ ತಡೆಯುತ್ತದೆ ಎಂದು ನಮಗೆ ಗೊತ್ತಿರಲಿಲ್ಲ. ಆರರಿಂದ ಎಂಟು ವಾರಕ್ಕೆ ಶುರುಮಾಡಿ, ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವವರೆಗೂ ಹಾಕಿಸಿ ಎಂದು ವೈದ್ಯರು ಹೇಳುವುದು ಅದಕ್ಕಾಗಿಯೇ. ಆ ತಾರೀಖುಗಳನ್ನು ದಯವಿಟ್ಟು ಮುಂದೂಡಬೇಡಿ.

ಈ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಹೆಚ್ಚು ಕಾಲ ಉಳಿಯುತ್ತದೆ. ಸೋಪಿನ ನೀರಿಗೆ ಜಗ್ಗುವುದಿಲ್ಲ. ಮನೆಯ ನೆಲವನ್ನು ಬ್ಲೀಚ್ ಹಾಕಿ ತೊಳೆದೆವು, ಆದರೆ ಅಂಗಳದ ಮಣ್ಣನ್ನು ಹಾಗೆ ತೊಳೆಯಲಾಗುವುದಿಲ್ಲ. ಅದಕ್ಕೇ ಎರಡು ವರ್ಷ ಇನ್ನೊಂದು ಮರಿಯನ್ನು ತರಲಿಲ್ಲ.

ಈಗ ಒಂದು ಇದೆ, ಹನ್ನೊಂದು ವಾರದ್ದು. ಗೇಟಿನ ಹೊರಗೆ ಇನ್ನೂ ಬಿಟ್ಟಿಲ್ಲ. ಬರುವ ಗುರುವಾರ ಅದರ ಮೂರನೆಯ ಲಸಿಕೆ. ಬೀದಿ ಕೊನೆಯ ಚಹಾದಂಗಡಿಯ ಹಿಂದೆ ಮೂರು ಮರಿಗಳಿವೆ, ಅವನ್ನೂ ಲಸಿಕೆಗೆಂದು ಬೇರೆ ರಟ್ಟಿನ ಪೆಟ್ಟಿಗೆಯಲ್ಲಿ ಹೊತ್ತುಕೊಂಡು ಬರುತ್ತೇನೆ ಎಂದು ಅಂಗಡಿಯವರು ಒಪ್ಪಿದ್ದಾರೆ.