ಹಿತ್ತಲ ಕಟ್ಟೆ ಮೇಲೆ ಬಿದ್ದ ನೀರು ಎತ್ತ ಹೋಗುತ್ತೆ?

ಬಡಾವಣೆಯ ಅಕ್ಕಂದಿರೇ, ಅಣ್ಣಂದಿರೇ, ನಾನು ತೋಟಗಾರಿಕೆ ಓದಿದವಳಲ್ಲ. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ನಿವೃತ್ತಳಾದವಳು. ಸಂಘದವರು ನನ್ನನ್ನ ಕರೆದದ್ದು ನಮ್ಮ ಹಿತ್ತಲ ಕಟ್ಟೆ ನೋಡಿ. ಈಗಿನ ಮಕ್ಕಳು ಅದಕ್ಕೆ ಡೆಕ್ ಅಂತಾರೆ. ಹತ್ತಡಿಗೆ ಹತ್ತಡಿ ಚಪ್ಪಡಿ ಕಲ್ಲು, ಸಂಜೆ ಕಾಲು ಚಾಚಿ ಕೂತು ಅವರೆಕಾಯಿ ಬಿಡಿಸೋ ಜಾಗ. ಅದರ ಸುತ್ತ ಇರೋ ಹಸಿರು ಈಗ ವಾರಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಚಾಕರಿ ಕೇಳಲ್ಲ. ಮೊದಲು ಹೀಗಿರಲಿಲ್ಲ.

ಮೊದಲ ವರ್ಷ ಕಟ್ಟೆಯ ಮೂರು ಕಡೆಗೂ ಮೆಕ್ಸಿಕನ್ ಹುಲ್ಲು ಹಾಸಿಸಿದೆ. ಚಾಪೆ ಥರ ಸುತ್ತಿಕೊಂಡು ಬಂತು, ಬಿಚ್ಚಿ ಹಾಸಿದರು, ಫೋಟೋನೂ ತೆಗೆದ್ವಿ. ಶಿವರಾತ್ರಿ ಕಳೀತು ನೋಡಿ, ಬೆಳಿಗ್ಗೆ ಸಂಜೆ ಪೈಪು ಹಿಡಿದು ನಿಲ್ಲೋದೇ ಕೆಲಸ ಆಯ್ತು. ಏಪ್ರಿಲ್‌ನಲ್ಲಿ ನೀರಿನ ಸಂಪ್‌ನೊಳಗೆ ಕೋಲು ಇಳಿಸಿ ನೀರು ಅಳೀತಾ ಇರುವಾಗ ಹುಲ್ಲಿಗೆ ಎಲ್ಲಿಂದ ತರೋದು? ಒಣಗಿ ಹೋಯ್ತು. ಆಗಸ್ಟ್‌ನಲ್ಲಿ ಅದೇ ಜಾಗದಲ್ಲಿ ಮೊಣಕಾಲುದ್ದ ಕಾಂಗ್ರೆಸ್ ಗಿಡ!

ಆ ಮಳೆಗಾಲ ಏನೂ ನೆಡಲಿಲ್ಲ. ಛತ್ರಿ ಹಿಡಿದು ಕಟ್ಟೆ ಮೇಲೆ ನಿಂತು ನೀರು ನೋಡಿದೆ. ಪಕ್ಕದ ಮನೆಯವರು ಏನಂದುಕೊಂಡರೋ. ನೀರೆಲ್ಲ ಮನೆ ಗೋಡೆ ಕಡೆಗೇ ಹರಿದು ಪಾಯದ ಬುಡದಲ್ಲಿ ನಿಲ್ಲುತ್ತಿತ್ತು. ಅಷ್ಟಗಲದ ಕಲ್ಲಿನ ಮೇಲೆ 1 ಸೆಂ.ಮೀ. ಮಳೆ ಬಿದ್ದರೆ ಸುಮಾರು 93 ಲೀಟರ್. ಆರೇಳು ಬಿಂದಿಗೆ ನೀರು, ಗಿಡಕ್ಕೂ ಇಲ್ಲ, ನಮಗೂ ಇಲ್ಲ, ಗೋಡೆಗೆ ತೇವ. ನಮ್ಮ ತುಮಕೂರಿಗೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಹೆಚ್ಚು ಮಳೆ. ಆಗ ಹಿಡಿದದ್ದು ಹಿಡಿದ ಹಾಗೆ.

ದುಡ್ಡು ಖರ್ಚಾದದ್ದು ಒಂದೇ ಕೆಲಸಕ್ಕೆ. ಚಪ್ಪಡಿ ಎಬ್ಬಿಸಿ, ಗೋಡೆಯಿಂದ ಆಚೆಗೆ ವಾಟ ಕೊಡಿಸಿದೆ. ಹತ್ತಡಿಗೆ ಎರಡೂವರೆ ಇಂಚು. ಗಾರೆಯವರು ರಸಮಟ್ಟ ಇಟ್ಟು ನೋಡಿದರು, ನಾನು ಒಂದು ಚೆಂಬು ನೀರು ಸುರಿದು ನೋಡಿದೆ.

ಉಳಿದದ್ದು ನಮ್ಮ ಕೈಕೆಲಸ. ಕಟ್ಟೆಯ ಆಚೆ ಅಂಚಿಗೆ ಎರಡು ಗೇಣು ಆಳದ ಕಾಲುವೆ ತೋಡಿ ತೆಂಗಿನಕಾಯಿ ಸಿಪ್ಪೆ ತುಂಬಿದ್ವಿ. ತಿಪಟೂರು ಕಡೆ ನೆಂಟರಿದ್ದರೆ ಸಿಪ್ಪೆಗೇನು ಬರ? ಆದರೆ ಹಾಕೋದಕ್ಕೂ ಕ್ರಮ ಇದೆ. ಮಣ್ಣಿನೊಳಗೆ ಹೂಳೋ ಸಿಪ್ಪೆ ಬಟ್ಟಲಿನ ಹಾಗೆ ಬಾಯಿ ಮೇಲೆ ಮಾಡಿರಬೇಕು, ನೀರು ಹಿಡಿಯುತ್ತೆ. ಮೇಲೆ ಹೊದಿಸೋದು ಮಾತ್ರ ಕವುಚಿರಬೇಕು. ಇಲ್ಲದಿದ್ದರೆ ಒಂದೊಂದು ಸಿಪ್ಪೆಯೂ ಸೊಳ್ಳೆಗೆ ತೊಟ್ಟಿಲು. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ತೆಂಗಿನ ಬುಡಕ್ಕೆ ಹೇಳೋದೂ ಇದನ್ನೇ. ನಿಮ್ಮದು ಮರದ ಕಟ್ಟೆಯಾದರೆ ಸಿಪ್ಪೆ ಕಂಬಕ್ಕೆ ತಾಗೋದು ಬೇಡ, ಗೆದ್ದಲು ಹತ್ತುತ್ತೆ.

ಕಾಲುವೆಯ ಆಚೆ ಲಾವಂಚದ ಸಾಲು. ಬೇರು ಅಡ್ಡಡ್ಡ ಹರಡಲ್ಲ, ನೇರ ಎರಡು ಮೂರು ಮೀಟರ್ ಕೆಳಗಿಳಿದು ಮಣ್ಣು ಹಿಡಿಯುತ್ತೆ. ಮೆಟ್ಟಿಲ ಹತ್ತಿರ ದೊಡ್ಡಪತ್ರೆ, ಮಜ್ಜಿಗೆ ಹುಲ್ಲು, ಕೈಗೆ ಸಿಗೋ ಹಾಗೆ. ಬಿಸಿಲು ಬಡಿಯೋ ಪಡುವಣ ಮೂಲೆಗೆ ಆವರಿಕೆ, ಅದೇ ತಂಗಡಿ. ರಸ್ತೆ ಬದಿಯಿಂದ ತಂದ ಬೀಜ. ದನ ಮುಟ್ಟಲ್ಲ, ನೀರು ಕೇಳಲ್ಲ, ಹಳದಿ ಹೂವು ಬಿಡುತ್ತೆ. ನರ್ಸರಿಯಲ್ಲಿ ಇದನ್ನ ಕೇಳಿದ್ದಕ್ಕೆ ಹುಡುಗ ನಕ್ಕ. ಕಣಗಿಲೆ ಚೆಂದ ನಿಜ, ಆದರೆ ಎಲೆ, ಹೂವು, ಕಾಂಡ ಎಲ್ಲಾ ವಿಷ. ಮೊಮ್ಮಗಳು ಸಿಕ್ಕಿದ್ದೆಲ್ಲ ಬಾಯಿಗಿಡೋ ವಯಸ್ಸು, ನಾನು ಹಾಕಲಿಲ್ಲ.

ಓಡಾಡೋ ಕಡೆ ಮೂರು ಇಂಚು ದಪ್ಪಕ್ಕೆ ಜಲ್ಲಿ. ನೂರು ಚದರಡಿಗೆ 25 ಘನ ಅಡಿ ಬೇಕು. ಕಳೆ ಬರಬಾರದು ಅಂತ ಅಡಿಗೆ ಟಾರ್ಪಾಲು ಹಾಸ್ತಾರೆ, ನಾನೂ ಒಂದು ಮೂಲೇಲಿ ಹಾಸಿದ್ದೆ. ನೀರು ಇಂಗದೆ ನಾತ ಹೊಡೀತು. ಕಳೆ ನಿಂತಿತಾ ಅಂದರೆ ಅದೂ ಇಲ್ಲ. ಜಲ್ಲಿ ಮೇಲೆ ಕೂತ ಧೂಳಿನಲ್ಲೇ ಹುಟ್ಟಿತು. ಕಿತ್ತು ಬಿಸಾಕಿದೆ. ಮಳೆ ಬಂದ ಮಾರನೇ ದಿನ ಮಣ್ಣು ಮೆತ್ತಗಿರುವಾಗ ಕಳೆ ಎರಡು ಬೆರಳಿಗೆ ಬರುತ್ತೆ. ನಾನು ಹೇಳಿದ ಅರ್ಧ ಗಂಟೆ ಅದೇ.

ಶನಿವಾರ ಸಂಜೆ ನಮ್ಮ ಗೇಟು ತೆಗೆದಿರುತ್ತೆ. ದೊಡ್ಡಪತ್ರೆ ಕಡ್ಡಿ ಎಷ್ಟು ಬೇಕಾದರೂ ಮುರಿದುಕೊಳ್ಳಿ. ಲಾವಂಚ ಬೇಕಾದವರು ಗುದ್ದಲಿ ತನ್ನಿ, ಅದು ಕೈಗೆ ಬರಲ್ಲ.