ಅಂಗಾಲು ನೋಡಿಕೊಂಡು ಎಷ್ಟು ದಿನ ಆಯ್ತು?

ಕೇಳುಗರಿಗೆ ನಮಸ್ಕಾರ. ನಾನು ನರರೋಗ ವೈದ್ಯೆ. ಶುಗರ್ ಇರುವವರು ನನ್ನ ಹತ್ತಿರ ಬಂದರೆ ಮೊದಲು ಫೈಲ್ ಬಿಚ್ಚುತ್ತಾರೆ. ನಾನು ಸಾಕ್ಸ್ ಬಿಚ್ಚಿ ಅನ್ನುತ್ತೇನೆ. ‘ಕಾಲಲ್ಲಿ ನೋವೇ ಇಲ್ಲ ಡಾಕ್ಟ್ರೇ’ ಅನ್ನುತ್ತಾರೆ. ಅದಕ್ಕೇ ಬಿಚ್ಚಿ ಅಂದಿದ್ದು!

ಜಯನಗರದ ಹಿರಿಯರೊಬ್ಬರು. ದಿನಾ ಲಾಲ್‌ಬಾಗ್‌ನಲ್ಲಿ ವಾಕಿಂಗ್, ಆಮೇಲೆ ಗೆಳೆಯರ ಜೊತೆ ಬೈ-ಟೂ ಕಾಫಿ. ಬೇಸಿಗೆ ರಜೆಗೆ ಮೊಮ್ಮಗ ಬಂದಿದ್ದ. ಅಜ್ಜಿ ಜೊತೆ ಅಳಗುಳಿಮಣೆ ಆಟ. ಒಂದು ದಿನ ಒಂದು ಹುಣಸೆಬೀಜ ಕಡಿಮೆ ಬಂತು. ಚಾಪೆ ಕೆಳಗೆ, ಸೋಫಾ ಕೆಳಗೆ ಹುಡುಕಿದ್ದೇ ಹುಡುಕಿದ್ದು. ಮೂರನೇ ದಿನ ಅಜ್ಜಿ ಸಾಕ್ಸ್ ಒಗೆಯಲು ತೆಗೆದುಕೊಂಡರೆ ಹೆಬ್ಬೆರಳ ಬುಡದಲ್ಲಿ ರಕ್ತದ ಕಲೆ. ಷೂ ತಲೆಕೆಳಗು ಮಾಡಿ ತಟ್ಟಿದರು. ಟಕ್ ಅಂತ ಬೀಜ ಬಿತ್ತು. ಮೂರು ದಿನ ಅದರ ಮೇಲೇ ನಡೆದಿದ್ದಾರೆ!

ನನ್ನ ಹತ್ತಿರ ಬಂದಾಗ ಎಂಟಾಣೆ ಅಗಲದ ಹುಣ್ಣು. ನಮ್ಮ ಹತ್ತಿರ ಒಂದು ನೈಲಾನ್ ಎಳೆ ಇರುತ್ತದೆ, ಗಾಳದ ದಾರದ ಹಾಗೆ. 10 ಗ್ರಾಂ ಒತ್ತಡಕ್ಕೆ ಬಾಗುತ್ತದೆ. ಕಣ್ಣು ಮುಚ್ಚಿಸಿ ಅಂಗಾಲಿನ ಅಲ್ಲಲ್ಲಿ ಒತ್ತಿದೆ. ‘ಶುರು ಮಾಡಿ ಡಾಕ್ಟ್ರೇ’ ಅಂದರು. ನಾನು ಮುಗಿಸಿಯಾಗಿತ್ತು.

ಸಕ್ಕರೆ ವರ್ಷಗಟ್ಟಲೆ ಜಾಸ್ತಿ ಇದ್ದರೆ ನರಗಳೂ, ಅವಕ್ಕೆ ರಕ್ತ ಕೊಡುವ ಕೂದಲೆಳೆಯಂಥ ನಾಳಗಳೂ ಹಾಳಾಗುತ್ತವೆ. ಉದ್ದದ ನರಕ್ಕೆ ಮೊದಲ ಪೆಟ್ಟು. ಸೊಂಟದಿಂದ ಕಾಲ್ಬೆರಳಿಗೆ ಸುಮಾರು ಒಂದು ಮೀಟರ್ ಅಲ್ವಾ? ಹಾಗಾಗಿ ಅಲ್ಲಿಂದಲೇ ಶುರು. ಜೋಮು, ರಾತ್ರಿ ಉರಿ, ಹತ್ತಿಯ ಮೇಲೆ ನಡೆದ ಹಾಗೆ. ಆಮೇಲೆ ಚಪ್ಪಲಿ ಜಾರಿದ್ದೂ ಗೊತ್ತಾಗುವುದಿಲ್ಲ. ಕೆಲವರು ಉರಿ ನಿಂತಿತು, ಎಣ್ಣೆ ಹಚ್ಚಿದ್ದು ಕೆಲಸ ಮಾಡಿತು ಅಂತ ಖುಷಿಪಡುತ್ತಾರೆ. ಏನು ಹೇಳೋಣ! ಸಕ್ಕರೆ ಹತೋಟಿಗೆ ಬಾರದೆ ಉರಿ ತಾನಾಗಿ ನಿಂತಿದೆಯೇ? ನರವೇ ಸತ್ತಿರಬಹುದು. ಕಾಲು ತೋರಿಸಿ.

ಕೊಟ್ಟಿದ್ದು ಐದು ನಿಮಿಷ, ಹುಣಸೆಬೀಜದಲ್ಲೇ ಮೂರು ಹೋಯಿತು. ಎದ್ದು ನಿಂತರೆ ತಲೆಸುತ್ತು, ತಿಂದದ್ದು ಹೊಟ್ಟೆಯಲ್ಲೇ ಕೂತ ಹಾಗೆ, ಹೃದಯಾಘಾತವಾದರೂ ಎದೆನೋವೇ ಬಾರದಿರುವುದು, ಇವೂ ನರದ ತೊಂದರೆಯಿಂದ ಬರಬಹುದು. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ಬಹಳ ವರ್ಷದಿಂದ ನುಂಗುತ್ತಿದ್ದರೆ ವಿಟಮಿನ್ ಬಿ-12 ಪರೀಕ್ಷೆ ಮಾಡಿಸಿ, ಅದು ಕಡಿಮೆಯಾದರೂ ಜೋಮು ಹಿಡಿಯುತ್ತದೆ.

ಮತ್ತೆ ಕಾಲಿಗೇ ಬರುತ್ತೇನೆ. ಮಲಗುವ ಮುಂಚೆ ಕನ್ನಡಿಯೊಂದನ್ನು ನೆಲದ ಮೇಲಿಟ್ಟು ಅಂಗಾಲು ನೋಡಿಕೊಳ್ಳಿ. ಬೆರಳ ಸಂದಿಯನ್ನೂ ನೋಡಿ. ಬಿಸಿನೀರಿಗೆ ಕಾಲಿಡುವ ಮುಂಚೆ ಮೊಣಕೈ ಅದ್ದಿ. ಬಿಸಿಲಲ್ಲಿ ಕಾದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಬೇಡ, ದೇವರೇನೂ ಬೇಸರ ಮಾಡಿಕೊಳ್ಳುವುದಿಲ್ಲ.

ಆ ಹಿರಿಯರ ಹುಣ್ಣು ಒಣಗಲು ಎರಡು ತಿಂಗಳು ಹಿಡಿಯಿತು. ಮೊಮ್ಮಗ ಊರಿಂದ ಫೋನ್ ಮಾಡಿದಾಗಲೆಲ್ಲ ಮೊದಲು ಕೇಳುವುದು, ‘ತಾತ, ಷೂ ತಟ್ಟಿದ್ರಾ?’ ಅಂತಂತೆ. ನಮಸ್ಕಾರ.