ತೂಕವಿಲ್ಲದ ಆ ಅರೆಗಳಿಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಧಾರವಾಡ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ ನಾಗರ ಪಂಚಮಿ ಇನ್ನೂ ವಾರವಿದೆ ಎನ್ನುವಾಗಲೇ ಹುಣಸೆ ಮರಕ್ಕೆ ಜೋಕಾಲಿಯ ಹಗ್ಗ ಬೀಳುತ್ತಿತ್ತು. ಮನೆಯಲ್ಲಿ ಅಳ್ಳು, ಉಂಡಿ ಏನೇ ಇರಲಿ, ನನ್ನ ಕಣ್ಣು ಆ ಹಗ್ಗದ ಮೇಲೆ. ಇಬ್ಬರು ಹುಡುಗಿಯರು ಹಲಗೆಯ ಮೇಲೆ ಎದುರುಬದುರಾಗಿ ನಿಂತು, ಮೊಣಕಾಲು ಮಡಚಿ ಎತ್ತಿ, ಜೀಕುತ್ತ ಜೀಕುತ್ತ ಮೇಲೇರಬೇಕು. ತುದಿಯ ಎಲೆಗೆ ಯಾರ ಕಾಲು ತಾಗುತ್ತದೆ ಎಂಬುದು ಪಂತ. ಮೇಲೇರುವುದು ಮುಗಿದು ಕೆಳಗಿಳಿಯುವುದು ಇನ್ನೂ ಶುರುವಾಗದ ಒಂದು ಅರೆಗಳಿಗೆ ಅಲ್ಲಿ ಸಿಗುತ್ತಿತ್ತು. ಕೈಯಲ್ಲಿದ್ದ ಹಗ್ಗ ಸಡಿಲಾಗುತ್ತಿತ್ತು. ಹೊಟ್ಟೆಯೊಳಗೆ ಏನೋ ತೇಲಿದಂತಾಗಿ ಎದೆ ಝಲ್ಲೆನ್ನುತ್ತಿತ್ತು.

ಆಗ ನನಗೆ ಹನ್ನೊಂದು ವರ್ಷ, ಈಗ ಅರವತ್ತೆರಡು. ನಡುವೆ ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದೆ. ಆ ಅರೆಗಳಿಗೆ ನನಗೆ ಮತ್ತೆ ಸಿಕ್ಕಿದ್ದು ಅಮೆರಿಕದ ಓಹಾಯೊ ರಾಜ್ಯದಲ್ಲಿ, ಮರದ ಹಳಿಯ ಮೇಲೆ ಓಡುವ ಒಂದು ರೋಲರ್ ಕೋಸ್ಟರಿನ ಕೊನೆಯ ಸಾಲಿನಲ್ಲಿ.

ಮಗಳ ಮನೆ ಓಹಾಯೊದ ಕೊಲಂಬಸ್ ನಗರದಲ್ಲಿದೆ. ಅಲ್ಲಿಂದ ಉತ್ತರಕ್ಕೆ ಎರಡು ಗಂಟೆಯ ದಾರಿ ಹೋದರೆ ಈರಿ ಎಂಬ ಮಹಾ ಸರೋವರ; ಅದರ ದಂಡೆಯಲ್ಲಿ ಸ್ಯಾಂಡಸ್ಕಿ ಎಂಬ ಊರು. ನೀರಿನೊಳಕ್ಕೆ ಚಾಚಿಕೊಂಡ ನೆಲದ ನಾಲಗೆಯ ಮೇಲೆ ಸೀಡರ್ ಪಾಯಿಂಟ್ ಉದ್ಯಾನವಿದೆ. 1870ರಲ್ಲಿ ಜನ ಈಜಲು ಬರುವ ತಾಣವಾಗಿ ಶುರುವಾದದ್ದು ಇಂದು ರೋಲರ್ ಕೋಸ್ಟರುಗಳ ಊರೇ ಆಗಿದೆ. ಮೊದಲ ಸಲ ಹೋದಾಗ ನಮ್ಮ ಮನೆಯವರು ಬ್ಯಾಗು, ಕನ್ನಡಕ ಹಿಡಿದು ಬೆಂಚಿನ ಮೇಲೆ ಕುಳಿತರು. ಮಗಳು, "ಅವ್ವಾ, ಚಿಕ್ಕದರಿಂದ ಶುರು ಮಾಡೋಣ" ಎಂದು ಬ್ಲೂ ಸ್ಟ್ರೀಕ್ ಎಂಬುದರ ಬಳಿಗೆ ಕರೆದುಕೊಂಡು ಹೋದಳು.

ಬ್ಲೂ ಸ್ಟ್ರೀಕ್ 1964ರದು. ಎತ್ತರ 78 ಅಡಿ. ಸ್ಯಾಂಡಸ್ಕಿಯ ಪ್ರೌಢಶಾಲೆಯ ಕ್ರೀಡಾ ತಂಡಗಳ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಮೇಷ್ಟರ ಕೆಲಸ ಮಾಡಿದ ನನಗೆ ಅದು ಬಹಳ ಹಿಡಿಸಿತು. ಪಕ್ಕದ ಸಾಲಿನಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು ಅಪ್ಪನ ತೋಳು ಹಿಡಿದು ಕುಳಿತಿದ್ದಳು. ಬಂಡಿ ಮೊದಲ ದಿಣ್ಣೆಯನ್ನು ಕಟಕಟ, ಕಟಕಟ ಎಂದು ಏರತೊಡಗಿದಾಗ ಅವಳು ಕಣ್ಣು ಮುಚ್ಚಿದಳು. ಆ ಸದ್ದೇ ಎಲ್ಲರನ್ನೂ ಹೆದರಿಸುವುದು. ಆದರೆ ಅದು ನಮ್ಮನ್ನು ಕಾಯುವ ಸದ್ದು. ಏರಿನ ಉದ್ದಕ್ಕೂ ಹಳಿಯ ನಡುವೆ ಗರಗಸದಂತೆ ಹಲ್ಲುಗಳಿರುತ್ತವೆ, ಬಂಡಿಯ ಅಡಿಯಲ್ಲಿ ಒಂದು ಕೊಕ್ಕೆ ಇರುತ್ತದೆ. ಆ ಕೊಕ್ಕೆ ಒಂದೊಂದೇ ಹಲ್ಲನ್ನು ದಾಟಿ ಬೀಳುವಾಗ ಕಟ್ ಎನ್ನುತ್ತದೆ. ಎಳೆಯುವ ಸರಪಳಿ ತುಂಡಾದರೂ ಬಂಡಿ ಹಿಂದಕ್ಕೆ ಜಾರದೆ ಅಲ್ಲಿಯೇ ಕಚ್ಚಿಕೊಂಡು ನಿಲ್ಲುತ್ತದೆ. ನಾನು ಇದನ್ನು ನನ್ನ ಇಂಗ್ಲಿಷಿನಲ್ಲಿ ಅವಳಿಗೆ ಹೇಳಿದೆ. ಅವಳು ಒಂದು ಕಣ್ಣು ತೆರೆದು ಎಣಿಸಲು ಶುರು ಮಾಡಿದಳು.

ಮೇಲೆ ಮುಟ್ಟಿದೆವು, ಬಿದ್ದೆವು. ಮುಂದಿನ ದಿಣ್ಣೆಯ ನೆತ್ತಿಯಲ್ಲಿ ನನ್ನ ಮೈ ಆಸನ ಬಿಟ್ಟು ಮೇಲೆದ್ದಿತು. ತೊಡೆಯ ಮೇಲಿನ ಕಂಬಿ ಇಲ್ಲದಿದ್ದರೆ ಹಾಗೆಯೇ ಹಾರಿಬಿಡುತ್ತಿದ್ದೆ. ಹೊಟ್ಟೆಯಲ್ಲಿ ಅದೇ ತೇಲು, ಎದೆಯಲ್ಲಿ ಅದೇ ಝಲ್ಲು. ಐವತ್ತು ವರ್ಷದ ಹಿಂದಿನ ಹುಣಸೆ ಮರ ಕಣ್ಣ ಮುಂದೆ ಬಂತು. ಇನ್ನೊಂದು ದಿಣ್ಣೆ, ಮತ್ತೆ ಅದೇ. ಇಳಿದಾಗ ನನ್ನ ಕಣ್ಣಲ್ಲಿ ನೀರಿತ್ತು. ಮಗಳು ಗಾಬರಿಯಾಗಿ, "ಏನಾಯಿತು ಅವ್ವಾ?" ಎಂದಳು. "ಇನ್ನೊಂದು ಸಲ ಹೋಗೋಣ" ಎಂದೆ.

ಕೋಸ್ಟರ್ ಅಭಿಮಾನಿಗಳು ಇದನ್ನು ಏರ್‌ಟೈಮ್ ಎನ್ನುತ್ತಾರೆ. ನಾನು ಮನಸ್ಸಿನಲ್ಲಿ ಜೀಕು ಎಂದೇ ಕರೆಯುತ್ತೇನೆ, ಏಕೆಂದರೆ ಎರಡರ ಲೆಕ್ಕವೂ ಒಂದೇ. ಜೋಕಾಲಿಯ ಹಗ್ಗ ನೆಲಕ್ಕೆ ಸಮಾನಾಂತರವಾಗುವಷ್ಟು ಮೇಲೆ ಹೋದರೆ ಆ ಕ್ಷಣದಲ್ಲಿ ಹಗ್ಗದ ಮೇಲೆ ಭಾರವೇ ಇರುವುದಿಲ್ಲ. ಅಲ್ಲಿಂದ ತೂಗಿ ತೀರ ಕೆಳಗೆ ಬಂದಾಗ ಅದೇ ಹಗ್ಗದ ಮೇಲೆ ನಮ್ಮ ತೂಕದ ಮೂರು ಪಟ್ಟು ಭಾರ. ರೋಲರ್ ಕೋಸ್ಟರಿನಲ್ಲಿ ಹಗ್ಗದ ಜಾಗಕ್ಕೆ ಹಳಿ ಬಂದಿದೆ, ಅಷ್ಟೇ. ಕಲ್ಲನ್ನು ಓರೆಯಾಗಿ ಮೇಲಕ್ಕೆ ಎಸೆದರೆ ಗಾಳಿಯಲ್ಲಿ ಒಂದು ಕಮಾನು ಬರೆದು ಬೀಳುತ್ತದಲ್ಲವೇ? ದಿಣ್ಣೆಯ ನೆತ್ತಿಯನ್ನು ಅದೇ ಕಮಾನಿನ ಆಕಾರದಲ್ಲಿ ಕಟ್ಟಿದರೆ ಬಂಡಿಯೂ ಅದರಲ್ಲಿ ಕುಳಿತವರೂ ಎಸೆದ ಕಲ್ಲಿನಂತೆ ಒಟ್ಟಿಗೆ ಬೀಳುತ್ತಿರುತ್ತಾರೆ, ಯಾರಿಗೂ ತೂಕ ತಿಳಿಯುವುದಿಲ್ಲ. ದಿಣ್ಣೆ ಅದಕ್ಕಿಂತ ಚೂಪಾಗಿದ್ದರೆ ಹಳಿ ಕಾಲ ಕೆಳಗಿನಿಂದ ಜಾರಿಹೋಗುತ್ತದೆ, ನಾವು ಮೇಲಕ್ಕೆ ಏಳುತ್ತೇವೆ.

ನಾವು ಎದ್ದರೆ ಬಂಡಿಯೂ ಏಳಬೇಕಲ್ಲವೇ? ಏಳುತ್ತದೆ. ಅದನ್ನು ಹಿಡಿದಿಡುವ ಉಪಾಯ ಹೊಳೆದದ್ದು ಜಾನ್ ಮಿಲ್ಲರ್ ಎಂಬ ಅಮೆರಿಕನ್ನನಿಗೆ. ಹಳಿಯ ಮೇಲೆ ಉರುಳುವ ಗಾಲಿಯ ಜೊತೆಗೆ ಹಳಿಯ ಅಡಿಯಲ್ಲೂ ಒಂದು ಗಾಲಿ ಇಟ್ಟು 1919ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಇಂದು ಮೇಲೊಂದು, ಮಗ್ಗುಲಿಗೊಂದು, ಅಡಿಗೊಂದು ಗಾಲಿ ಸೇರಿ ಹಳಿಯನ್ನು ಮುಷ್ಟಿಯಂತೆ ಹಿಡಿದಿರುತ್ತವೆ. ಆ ಅಡಿಗಾಲಿ ಬರುವ ಮೊದಲು ದಿಣ್ಣೆಗಳೆಲ್ಲ ಮೊಂಡಾಗಿಯೇ ಇರಬೇಕಿತ್ತು. ಪೆನ್ಸಿಲ್ವೇನಿಯದ ಆಲ್ಟೂನಾದಲ್ಲಿ ಉಳಿದುಕೊಂಡಿರುವ 1902ರ ಲೀಪ್ ದ ಡಿಪ್ಸ್ ಎಂಬ ಕೋಸ್ಟರಿಗೆ ಇಂದಿಗೂ ಅಡಿಗಾಲಿಯಿಲ್ಲ. ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ 1912ರಿಂದ ಓಡುತ್ತಿರುವ ಸೀನಿಕ್ ರೈಲ್ವೆ ಎಂಬ ಕೋಸ್ಟರಿನಲ್ಲಿ ಬಂಡಿಯ ನಡುವೆ ಒಬ್ಬ ಮನುಷ್ಯ ನಿಂತು ಕೈಯಿಂದಲೇ ಬ್ರೇಕು ಹಾಕುತ್ತಾನೆ. ಎತ್ತಿನ ಬಂಡಿಯಲ್ಲಿ ಕುಳಿತು ಘಟ್ಟ ಇಳಿದವರಿಗೆ ಆ ಮನುಷ್ಯನ ಬೆಲೆ ಗೊತ್ತಿರುತ್ತದೆ.

ಈ ಆಟಕ್ಕೆ ತವರು ಬೇಕೆಂದರೆ ರಷ್ಯಕ್ಕೆ ಹೋಗಬೇಕು. ಅಲ್ಲಿ ಚಳಿಗಾಲದಲ್ಲಿ ಮರದ ಅಟ್ಟಣೆ ಕಟ್ಟಿ, ನೀರು ಸುರಿದು, ಮಂಜುಗಡ್ಡೆಯ ಇಳಿಜಾರಿನಲ್ಲಿ ಜಾರುತ್ತಿದ್ದರು. 1817ರಲ್ಲಿ ಪ್ಯಾರಿಸ್ಸಿನಲ್ಲಿ ಅದಕ್ಕೆ ಗಾಲಿ ಬಂತು. ಫ್ರೆಂಚರು ಇಂದಿಗೂ ರೋಲರ್ ಕೋಸ್ಟರನ್ನು ರಷ್ಯದ ಗುಡ್ಡ ಎನ್ನುತ್ತಾರೆ, ರಷ್ಯನ್ನರು ಅಮೆರಿಕದ ಗುಡ್ಡ ಎನ್ನುತ್ತಾರೆ. ಅಮೆರಿಕದಲ್ಲಿ ಇದಕ್ಕೆ ದಾರಿ ತೋರಿದ್ದು ಕಲ್ಲಿದ್ದಲು. ಪೆನ್ಸಿಲ್ವೇನಿಯದ ಮಾಕ್ ಚಂಕ್ ಎಂಬ ಊರಿನಲ್ಲಿ 1827ರಲ್ಲಿ ಗುಡ್ಡದ ಗಣಿಯಿಂದ ಕಲ್ಲಿದ್ದಲು ಇಳಿಸಲು ಹಳಿ ಹಾಕಿದರು. ತುಂಬಿದ ಗಾಡಿಗಳು ತಾವಾಗಿಯೇ ಉರುಳಿ ಬರುತ್ತಿದ್ದವು, ಖಾಲಿ ಗಾಡಿಗಳನ್ನು ಹೇಸರಗತ್ತೆಗಳು ಮೇಲಕ್ಕೆ ಎಳೆಯುತ್ತಿದ್ದವು. ಹೇಸರಗತ್ತೆಗಳನ್ನೂ ಗಾಡಿಯಲ್ಲೇ ಕೆಳಗಿಳಿಸುತ್ತಿದ್ದರು. ಒಮ್ಮೆ ಆ ಸವಾರಿಯ ರುಚಿ ಹತ್ತಿದ ಮೇಲೆ ಅವು ನಡೆದು ಇಳಿಯಲು ಒಪ್ಪುತ್ತಲೇ ಇರಲಿಲ್ಲ ಎಂದು ಹೇಳುತ್ತಾರೆ. ನನಗೆ ಅವುಗಳ ಮನಸ್ಸು ಚೆನ್ನಾಗಿ ಅರ್ಥವಾಗುತ್ತದೆ. ಮುಂದೆ ಕಲ್ಲಿದ್ದಲು ಬೇರೆ ದಾರಿ ಹಿಡಿದಾಗ ಆ ಹಳಿ ಪೂರ್ತಿಯಾಗಿ ಪ್ರವಾಸಿಗರದಾಯಿತು. 1884ರಲ್ಲಿ ಲಾಮಾರ್ಕಸ್ ಥಾಂಪ್ಸನ್ ನ್ಯೂಯಾರ್ಕಿನ ಕೋನಿ ಐಲೆಂಡ್ ಕಡಲತೀರದಲ್ಲಿ ಸ್ವಿಚ್‌ಬ್ಯಾಕ್ ರೈಲ್ವೆ ಎಂಬ ಕೋಸ್ಟರನ್ನು ತೆರೆದ. ವೇಗ ಗಂಟೆಗೆ ಸುಮಾರು ಹತ್ತು ಕಿಲೋಮೀಟರ್, ಶುಲ್ಕ ಐದು ಸೆಂಟು. ಜನ ಮುಗಿಬಿದ್ದರು.

ಅಲ್ಲಿಂದ ಶುರುವಾದ ಎತ್ತರದ ಪೈಪೋಟಿಯ ಬಗ್ಗೆ ನನಗೆ ಒಂದು ಮಾತು ಹೇಳಲೇಬೇಕು. ಸೀಡರ್ ಪಾಯಿಂಟಿನಲ್ಲಿಯೇ 2000ದಲ್ಲಿ ಬಂದ ಮಿಲೇನಿಯಂ ಫೋರ್ಸ್ ಇದೆ. 310 ಅಡಿ ಎತ್ತರ, ಗಂಟೆಗೆ 150 ಕಿಲೋಮೀಟರ್ ವೇಗ. ಅದರ ನೆತ್ತಿಯಿಂದ ಈರಿ ಸರೋವರ ಆಕಾಶಕ್ಕೆ ಅಂಟಿಕೊಂಡಂತೆ ಕಾಣುತ್ತದೆ. ಆ ನೋಟವನ್ನು ನಾನು ಮರೆಯಲಾರೆ. ಆದರೆ ಇಳಿದು ಬಂದ ಮೇಲೆ ನೆನಪಿನಲ್ಲಿ ಉಳಿದದ್ದು ಮುಖಕ್ಕೆ ಬಡಿದ ಗಾಳಿ. ಬ್ಲೂ ಸ್ಟ್ರೀಕಿನ 78 ಅಡಿ ನನ್ನನ್ನು ಅದಕ್ಕಿಂತ ಹೆಚ್ಚು ಸಲ ಆಸನದಿಂದ ಎತ್ತಿತ್ತು. ಎತ್ತರದ ಮೇಲೆ ನನಗೆ ಹಗೆಯಿಲ್ಲ. ಅದೇ ಉದ್ಯಾನದ ಸ್ಟೀಲ್ ವೆಂಜೆನ್ಸ್ 205 ಅಡಿಯದು. ಹಳೆಯ ಮರದ ಕೋಸ್ಟರೊಂದರ ಆಸರೆಯ ಮೇಲೆ ಉಕ್ಕಿನ ಹಳಿ ಕೂರಿಸಿ 2018ರಲ್ಲಿ ಓಡಿಸಿದರು. ಅದರಲ್ಲಿ ಎತ್ತರವನ್ನು ದುಂದು ಮಾಡಿಲ್ಲ, ದಿಣ್ಣೆಯ ಮೇಲೆ ದಿಣ್ಣೆ ಕಟ್ಟಿ ಜೀಕಾಗಿ ಹಂಚಿದ್ದಾರೆ. ಮೊದಲ ಏರಿನಲ್ಲಿ ಗಳಿಸಿದ ಎತ್ತರವೇ ಕೋಸ್ಟರಿನ ಬಂಡವಾಳ. ಅದನ್ನು ಹೇಗೆ ಖರ್ಚು ಮಾಡುತ್ತಾರೆ ಎಂಬುದರಲ್ಲಿ ಕಟ್ಟುವವನ ಕೈಚಳಕ ಕಾಣುತ್ತದೆ.

ನ್ಯೂಜೆರ್ಸಿಯಲ್ಲಿ 2005ರಲ್ಲಿ ಕಿಂಗ್ಡಾ ಕಾ ಎಂಬುದನ್ನು ತೆರೆದರು. 456 ಅಡಿ, ಆಗ ಜಗತ್ತಿನಲ್ಲೇ ಎತ್ತರದ್ದು, ವೇಗದ್ದು. ಮೂರೂವರೆ ಸೆಕೆಂಡಿನಲ್ಲಿ ಗಂಟೆಗೆ 206 ಕಿಲೋಮೀಟರ್ ವೇಗಕ್ಕೆ ಚಿಮ್ಮಿ, ಗೋಪುರ ಹತ್ತಿ ಇಳಿದರೆ ಸವಾರಿ ಅರ್ಧ ನಿಮಿಷದಲ್ಲಿ ಮುಗಿಯಿತು. 2025ರ ಫೆಬ್ರವರಿ 28ರ ಬೆಳಿಗ್ಗೆ ಸ್ಫೋಟಕ ಇಟ್ಟು ಅದನ್ನು ಉರುಳಿಸಿದರು. ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ಅಲ್ಲಿಂದ ದೂರವಿಲ್ಲದ ಕೋನಿ ಐಲೆಂಡಿನಲ್ಲಿ 1927ರ ಸೈಕ್ಲೋನ್ ಇನ್ನೂ ಓಡುತ್ತಿದೆ. ಅದರ ಎತ್ತರ 85 ಅಡಿ. 1970ರ ದಶಕದಲ್ಲಿ ಅದನ್ನೂ ಕೆಡವುವ ಮಾತು ಬಂದಿತ್ತು. ಪಕ್ಕದ ಮತ್ಸ್ಯಾಲಯಕ್ಕೆ ಜಾಗ ಬೇಕಿತ್ತು. ಜನ ಬಿಟ್ಟುಕೊಡಲಿಲ್ಲ. 1975ರಲ್ಲಿ ದುರಸ್ತಿಯಾಗಿ ಮತ್ತೆ ತೆರೆಯಿತು, 1988ರಲ್ಲಿ ನಗರದ ರಕ್ಷಿತ ಸ್ಮಾರಕವಾಯಿತು. ಯಾರೂ ದಾಖಲೆಯನ್ನು ಪ್ರೀತಿಸಿ ಉಳಿಸಿಕೊಳ್ಳುವುದಿಲ್ಲ, ಏಕೆಂದರೆ ಮುಂದಿನ ವರ್ಷ ಅದು ಬೇರೆಯವರದಾಗುತ್ತದೆ. ಸೈಕ್ಲೋನ್ ಉಳಿದದ್ದು, ಅಜ್ಜ ಕುಳಿತ ಸಾಲಿನಲ್ಲಿ ಮೊಮ್ಮಗಳು ಕುಳಿತು ಅದೇ ಝಲ್ಲೆನ್ನುವಿಕೆಯನ್ನು ಪಡೆದದ್ದರಿಂದ.

ಇಂಥ ಮರದ ಕೋಸ್ಟರುಗಳಲ್ಲಿ ಪ್ರತಿದಿನ ಬೆಳಿಗ್ಗೆ ಕೆಲಸಗಾರರು ಹಳಿಯ ಮೇಲೆ ನಡೆದು, ಮೊಳೆ, ಬೋಲ್ಟು, ಹಲಗೆ ನೋಡಿಕೊಂಡು ಬರುತ್ತಾರೆ. ಆಮೇಲೆ ಖಾಲಿ ಬಂಡಿ ಓಡಿಸುತ್ತಾರೆ. ಎಲ್ಲ ಸರಿಯಿದ್ದರೆ ಮಾತ್ರ ಜನ ಹತ್ತಬಹುದು. ಇದನ್ನು ಹೇಳುವಾಗ ನನಗೆ ಹೊಟ್ಟೆ ಉರಿಯುತ್ತದೆ. ಹಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿಗಳನ್ನು ಒಂದು ಜಾತ್ರೆಗೆ ಕರೆದೊಯ್ದಿದ್ದೆ. ದೊಡ್ಡ ತಿರುಗುತೊಟ್ಟಿಲಿನ ಒಂದು ಕೀಲಿನಲ್ಲಿ ಬೋಲ್ಟಿನ ಬದಲು ತಂತಿ ಸುತ್ತಿದ್ದು ಕಣ್ಣಿಗೆ ಬಿತ್ತು. ಹತ್ತಿ ಕುಳಿತಿದ್ದ ಹನ್ನೆರಡು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಇಳಿಸಿದೆ. ಮಕ್ಕಳು ಅತ್ತರು, ತೊಟ್ಟಿಲಿನವನು ಬೈದ. ಇಂದು ಅದೇ ಪರಿಸ್ಥಿತಿ ಬಂದರೂ ಇಳಿಸುತ್ತೇನೆ. ಭಯದ ಆಟ ಆಡಿಸುವವನಿಗೆ ನಮ್ಮ ಜೀವದ ಮೇಲೆ ನಮಗಿಂತ ಹೆಚ್ಚು ಕಾಳಜಿ ಇರಬೇಕು. ಆ ಭರವಸೆ ಇದ್ದಾಗ ಮಾತ್ರ ಕೈ ಬಿಟ್ಟು ಕೂಗಲು ಸಾಧ್ಯ.

ನಮ್ಮಲ್ಲೂ ಈಗ ಒಳ್ಳೆಯ ಉದ್ಯಾನಗಳಿವೆ. ಬಿಡದಿಯ ವಂಡರ್‌ಲಾ 2005ರಲ್ಲಿ ತೆರೆಯಿತು. ಮುಂಬೈ–ಪುಣೆ ದಾರಿಯ ಖೋಪೋಲಿ ಬಳಿಯ ಇಮ್ಯಾಜಿಕಾದಲ್ಲಿ 2013ರಲ್ಲಿ ಬಂದ ನೈಟ್ರೊ ಎಂಬ ಕೋಸ್ಟರಿನಲ್ಲಿ ಕಾಲ ಕೆಳಗೆ ನೆಲವೇ ಇರುವುದಿಲ್ಲ, ಐದು ಸಲ ತಲೆಕೆಳಗಾಗುತ್ತೇವೆ. ತಲೆಕೆಳಗಾಗುವುದರಲ್ಲೂ ಸುಖವಿದೆ. ನನಗಿರುವ ಆಸೆ ಮಾತ್ರ ಬೇರೆ: ನಮ್ಮ ನಾಡಿನ ಯಾವುದಾದರೂ ಉದ್ಯಾನ ಸುತ್ತು, ಸುರುಳಿಗಳನ್ನು ಬದಿಗಿಟ್ಟು, ಬರೀ ದಿಣ್ಣೆಗಳ ಒಂದು ಕೋಸ್ಟರ್ ಕಟ್ಟಬೇಕು. ಪಂಚಮಿಯಲ್ಲಿ ಜೀಕಿ ಬೆಳೆದ ಜನಕ್ಕೆ ಅದರ ಸೊಗಸನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಹೃದಯದ ತೊಂದರೆ, ಕುತ್ತಿಗೆ ನೋವು ಇರುವವರು ಮತ್ತು ಗರ್ಭಿಣಿಯರು ದಯವಿಟ್ಟು ಹತ್ತಬೇಡಿ. ನಾನೂ ವೈದ್ಯರನ್ನು ಕೇಳಿಯೇ ಹತ್ತಿದವಳು. ಹತ್ತುವವರಿಗೆ ಒಂದೆರಡು ಗುಟ್ಟು. ಮೊದಲ ಸಾಲಿನಲ್ಲಿ ನೋಟ ಚೆನ್ನ, ಕೊನೆಯ ಸಾಲಿನಲ್ಲಿ ಜೀಕು ಚೆನ್ನ. ಮುಂದಿನ ಗಾಡಿಗಳು ಆಗಲೇ ಇಳಿಜಾರಿನಲ್ಲಿ ಬೀಳುತ್ತ ಎಳೆಯುವುದರಿಂದ ಕೊನೆಯ ಗಾಡಿ ನೆತ್ತಿಯನ್ನು ವೇಗವಾಗಿ ದಾಟುತ್ತದೆ. ಇನ್ನೊಂದು, ಬೆಳಿಗ್ಗೆಗಿಂತ ರಾತ್ರಿ ಹತ್ತಿ. ದಿನವಿಡೀ ಓಡಿ ಗಾಲಿಯ ಗ್ರೀಸು ಬಿಸಿಯಾಗಿ ಬಂಡಿ ಚುರುಕಾಗಿರುತ್ತದೆ.

ಸಿನ್ಸಿನಾಟಿಯ ಬಳಿಯ ಕಿಂಗ್ಸ್ ಐಲೆಂಡಿನಲ್ಲಿ ಬೀಸ್ಟ್ ಎಂಬ ಕೋಸ್ಟರಿದೆ. 1979ರದು, 2,240 ಮೀಟರಿಗೂ ಉದ್ದ. ಮರದ ಕೋಸ್ಟರುಗಳಲ್ಲಿ ಜಗತ್ತಿನಲ್ಲೇ ಉದ್ದವಾದದ್ದು. ಸವಾರಿ ನಾಲ್ಕು ನಿಮಿಷಕ್ಕೂ ಹೆಚ್ಚು, ಬಹುಪಾಲು ಕಾಡಿನೊಳಗೆ. ಅದರಲ್ಲಿ ಜೀಕು ಕಡಿಮೆ, ಒಪ್ಪುತ್ತೇನೆ. ಕಳೆದ ಬಾರಿ ಉದ್ಯಾನ ಮುಚ್ಚುವ ಹೊತ್ತಿಗೆ ನಮಗೆ ಕೊನೆಯ ಸಾಲು ಸಿಕ್ಕಿತು. ಈ ಸಲ ನಮ್ಮ ಮನೆಯವರೂ ಬ್ಯಾಗನ್ನು ಕಪಾಟಿನಲ್ಲಿಟ್ಟು ನನ್ನ ಪಕ್ಕದಲ್ಲಿ ಕುಳಿತಿದ್ದರು. ಮರಗಳ ನಡುವೆ ದೀಪವಿಲ್ಲ, ಮುಂದಿನ ತಿರುವು ಕಾಣುವುದಿಲ್ಲ, ಹಲಗೆಗಳ ಗುಡುಗು ಮಾತ್ರ. ಎರಡನೆಯ ಏರಿನಲ್ಲಿ ಕಟಕಟ ಸದ್ದು ನಿಧಾನವಾಗಿ ಸಾಗುವಾಗ ಅವರು ನನ್ನ ಕೈ ಹಿಡಿದು, "ಇನ್ನೂ ಎಷ್ಟು ಹಲ್ಲು?" ಎಂದು ಕೇಳಿದರು. ಇಬ್ಬರೂ ಎಣಿಸುತ್ತ ಮೇಲೇರಿದೆವು.

ನಮಸ್ಕಾರ.